ಅಲಾರಂಗೇ ಒಂದು ಕಾವಲು ಬೇಕು ಮಾರಾಯ್ರೆ: ನಮ್ಮ ತೋಟದ ಮನೆಯ ಕಳ್ಳರ ಅಲಾರಂ, ಎರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡ್ತೀನಿ, ಕಂಪನಿ ಹೆಸರು ಅಂಗಡಿ ಹೆಸರು ಎರಡೂ ಹಾಕಲ್ಲ. ಪ್ಯಾನೆಲ್ (ಅಲಾರಂನ ಮೆದುಳು ಇರೋ ಪೆಟ್ಟಿಗೆ) ಮಾಡಿದವರದ್ದು ದೊಡ್ಡ ತಪ್ಪೇನಿಲ್ಲ, ಅದನ್ನ ತಂದು ನಮ್ಮನೆ ಗೋಡೆಗೆ ಕೂರಿಸಿದವರ ಕೆಲಸ ನೋಡಿ ಹೊಟ್ಟೆ ಉರಿದಿದ್ದು, ಆದ್ರೆ ನಮ್ದು ಸಣ್ಣ ಊರು, ಅವರ ಮನೆ ಮದುವೆಗೆ ನಾವು ಹೋಗ್ಬೇಕು ನಮ್ಮನೆ ಮದುವೆಗೆ ಅವರು ಬರ್ಬೇಕು. ಸ್ಟಾರ್ ಮಾತ್ರ ನೋಡಿ ಹೋಗೋರಿಗೆ: ಪ್ಯಾನೆಲ್‌ಗೆ 5ಕ್ಕೆ 4, ಮೊದಲು ಹಾಕಿಕೊಟ್ಟ ಅಂಗಡಿಗೆ ಒಂದೂವರೆ, ಆಮೇಲೆ ಬಂದು ಸರಿ ಮಾಡಿಕೊಟ್ಟ ಹುಡುಗನಿಗೆ ನಾಲ್ಕೂವರೆ.

ಮನೆ ಇರೋದು ಕೊಡಗಿನ ಸುಂಟಿಕೊಪ್ಪದಿಂದ ಒಳಗಡೆ. ಹಳೇ ಹೆಂಚಿನ ಮನೆ, ಸುತ್ತ ಕಾಫಿ ತೋಟ, ಪಕ್ಕದ ಮನೆ ಅಂದ್ರೆ ಅರ್ಧ ಕಿಲೋಮೀಟರ್, ತೋಟದ ಕೆಲಸದವರ ಲೈನ್ ಮನೆಗಳು ಕೆಳಗೆ ಒಂದು 200 ಮೀಟರ್ ದೂರದಲ್ಲಿ. ಅಪ್ಪ ಹೋದ್ಮೇಲೆ ಅಮ್ಮ ಒಬ್ರೇ, 71 ವಯಸ್ಸು, ಕುಶಾಲನಗರಕ್ಕೆ ಬಂದು ನಮ್ಜೊತೆ ಇರಿ ಅಂದ್ರೆ ‘ಆ ಸೆಕೆಲಿ ನಂಗಾಗಲ್ಲ’ ಅಂತಾರೆ, ಸೆಕೆ ನೆಪ ಅಷ್ಟೇ, ತೋಟ ಬಿಟ್ಟು ಬರೋಕೆ ಮನಸ್ಸಿಲ್ಲ. ಮನೆಗೆ ಅಂಟಿಕೊಂಡೇ ಗೋಡೌನ್ ಇದೆ, ರೊಬಸ್ಟಾ ಕುಯ್ಲು ಶುರುವಾದ್ರೆ ಮಾರ್ಚ್ ತನಕ ಅಲ್ಲಿ ಕಾಫಿ ಚೀಲ, ಒಳ್ಳೆಮೆಣಸಿನ ಚೀಲ. ಕಾಫಿ ರೇಟ್ ಏರಿದ್ಮೇಲೆ ಬೀರುವಿನ ಚಿನ್ನಕ್ಕಿಂತ ಗೋಡೌನ್ ಚೀಲದ್ದೇ ಚಿಂತೆ ಜಾಸ್ತಿ ಆಗಿತ್ತು, ಚಿನ್ನನಾದ್ರೂ ಬ್ಯಾಂಕ್ ಲಾಕರಲ್ಲಿ ಇಡಬಹುದು, 50 ಕೆಜಿ ಚೀಲ ಎಲ್ಲಿಡ್ತೀರಿ.

ಮೊದಲು ಬಂದಿದ್ದು ಅಣ್ಣ ಬೆಂಗಳೂರಿಂದ ಆನ್‌ಲೈನಲ್ಲಿ ಆರ್ಡರ್ ಮಾಡಿ ಕಳಿಸಿದ ಒಂದು ವೈರ್‌ಲೆಸ್ ಕಿಟ್, ಹೆಚ್ಚುಕಮ್ಮಿ 4,000 ರೂಪಾಯಿ. ನಾಲ್ಕು ಬಾಗಿಲ ಸೆನ್ಸರ್, ಒಂದು ಪಿಐಆರ್ (ಮೈ ಶಾಖ ನೋಡಿ ಓಡಾಟ ಹಿಡಿಯೋ ಸೆನ್ಸರ್), ಎರಡು ರಿಮೋಟ್, ಒಂದು ಪುಟಾಣಿ ಸೈರನ್, ಸಿಮ್ ಹಾಕಿದ್ರೆ ಫೋನ್‌ಗೆ ಕಾಲ್ ಬರೋ ಪ್ಯಾನೆಲ್. ಜಿಯೋ ಸಿಮ್ ಹಾಕಿದ್ವಿ, ಉಸಿರೇ ಇಲ್ಲ, ಆಮೇಲೆ ಗೊತ್ತಾಯ್ತು ಆ ಪ್ಯಾನೆಲ್ 2ಜಿ ಮಾತ್ರ ಹಿಡಿಯೋದು, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಬಿಎಸ್‌ಎನ್‌ಎಲ್ ಸಿಮ್ ಹಾಕಿದ್ಮೇಲೆ ನಡೀತು. ನಡೀತು ಅಂತ ನಾವೂ ನೆಮ್ಮದಿಯಾಗಿದ್ವಿ, ಒಂದು ಭಾನುವಾರ ನನ್ನ ಮಗ, ಆಗ ಫಸ್ಟ್ ಪಿಯುಸಿ, ರಜೆಗೆ ಮಾಡೋಕೆ ಬೇರೆ ಕೆಲಸ ಇಲ್ಲದೆ ಅದನ್ನ ಬಿಚ್ಚಿ ನೋಡೋ ತನಕ.

ಅವನು ಹಗಲಲ್ಲಿ, ಅಲಾರಂ ಆಫ್ ಇರೋವಾಗ, ಬಾಗಿಲ ಸೆನ್ಸರ್ ಒಂದನ್ನ ಅಂಟಿನ ಸಮೇತ ಕಿತ್ತು ಬ್ಯಾಟರಿ ತೆಗೆದು ಟೇಬಲ್ ಮೇಲಿಟ್ಟ. ರಾತ್ರಿ ಎಂದಿನ ಹಾಗೆ ಆನ್ ಮಾಡಿದ್ವಿ, ಪ್ಯಾನೆಲ್ ‘ಎಲ್ಲ ಸರಿಯಾಗಿದೆ’ ಅನ್ನೋ ಹಾಗೆ ಹಸಿರು ಲೈಟ್ ತೋರಿಸ್ತು. ಅಂದ್ರೆ ಸೆನ್ಸರ್ ಬದುಕಿದೆಯಾ ಸತ್ತಿದೆಯಾ ಅಂತ ಆ ಪ್ಯಾನೆಲ್‌ಗೆ ಗೊತ್ತೇ ಇರಲ್ಲ. ಈ ಅಗ್ಗದ 433 ಮೆಗಾಹರ್ಟ್ಸ್ ಸೆನ್ಸರ್‌ಗಳು ಬಾಗಿಲು ತೆಗೆದಾಗ ಒಂದು ಸಲ ಕೂಗ್ತವೆ, ಉಳಿದ ಹೊತ್ತು ಸುಮ್ನಿರ್ತವೆ, ಪ್ಯಾನೆಲ್ ಕೂಡ ‘ಇದ್ದೀಯಾ’ ಅಂತ ಕೇಳಲ್ಲ. ರಿಮೋಟ್ ಇನ್ನೂ ಚಂದ, ಪ್ರತಿ ಸಲವೂ ಒಂದೇ ಕೋಡ್ ಕಳಿಸೋ ಜಾತಿ, ಯಾರಾದ್ರೂ ಒಂದ್ಸಲ ಅದನ್ನ ಹಿಡಿದಿಟ್ಟುಕೊಂಡ್ರೆ ಅವರ ಕೈಲೂ ನಮ್ಮನೆ ರಿಮೋಟ್ ಇದ್ದ ಹಾಗೇ. ಒಳ್ಳೇ ಸೆಟ್‌ಗಳಲ್ಲಿ ರೋಲಿಂಗ್ ಕೋಡ್ ಅಂತ ಇರುತ್ತೆ, ಒತ್ತಿದಾಗೆಲ್ಲ ಕೋಡ್ ಬದಲಾಗುತ್ತೆ, ಸೆನ್ಸರ್‌ಗಳು ಇಷ್ಟು ಹೊತ್ತಿಗೊಂದು ಸಲ ಹಾಜರಿ ಹಾಕ್ತಾನೇ ಇರ್ತವೆ, ಹಾಜರಿ ತಪ್ಪಿದ್ರೆ ಪ್ಯಾನೆಲ್ ಗಲಾಟೆ ಮಾಡುತ್ತೆ. ವೈರ್‌ಲೆಸ್ ತಗೊಳ್ಳೋರು ಈ ಹಾಜರಿ ವಿಷಯ ಒಂದು ಕೇಳಿ ತಗೊಳ್ಳಿ, ಸೈರನ್ ಎಷ್ಟು ಜೋರು ಅನ್ನೋದು ಆಮೇಲೆ ಕೇಳಬಹುದು.

ಆ ವರ್ಷದ ಜುಲೈಲಿ ಐದು ದಿನ ಕರೆಂಟಿಲ್ಲ. ಕಿಟ್‌ನ ಒಳಗಿನ ಬ್ಯಾಟರಿ ಒಂದು ರಾತ್ರಿಗೇ ಮುಗೀತು, ಕರೆಂಟ್ ಬಂದ್ಮೇಲೆ ಎದ್ದಿದ್ದು ಆಫ್ ಸ್ಥಿತಿಲಿ, ಮಲಗೋಕೆ ಮುಂಚೆ ತಾನು ಕಾವಲಿಗೆ ನಿಂತಿದ್ದೆ ಅನ್ನೋದೂ ಅದಕ್ಕೆ ನೆನಪಿಲ್ಲ. ಅಮ್ಮ ನೋಡಿ ‘ಇದಕ್ಕಿಂತ ನಮ್ಮ ರಾಜನೇ ವಾಸಿ’ ಅಂದ್ರು. ರಾಜ ಅಂದ್ರೆ ನಾಯಿ, 13 ವರ್ಷ, ಕಿವಿ ಕೇಳಲ್ಲ.

ಹೀಗಾಗಿ ದುಡ್ಡು ಹೋದ್ರೂ ಹೋಗ್ಲಿ ಅಂತ ವೈರ್ ಎಳೆದು ಹಾಕೋ ಸಿಸ್ಟಮ್‌ಗೇ ಹೋದ್ವಿ. ಎಂಟು ಝೋನ್‌ನ (ಅಂದ್ರೆ ಸೆನ್ಸರ್ ಲೈನ್ ಜೋಡಿಸೋಕೆ ಎಂಟು ಜಾಗ ಇರೋ) ಪ್ಯಾನೆಲ್ ಕಬ್ಬಿಣದ ಪೆಟ್ಟಿಗೇಲಿ, ಬೇರೆಯಾಗಿ ಕೀಪ್ಯಾಡ್, 12 ವೋಲ್ಟ್ 7 ಎಎಚ್ (ಆಂಪ್ ಅವರ್) ಬ್ಯಾಟರಿ, 4ಜಿ ಸಿಮ್ ಮತ್ತೆ ವೈಫೈ ಎರಡೂ, ಪಿಐಆರ್ ನಾಲ್ಕು, ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್ (ಬಾಗಿಲು ತೆಗೆದು ಮ್ಯಾಗ್ನೆಟ್ ದೂರ ಹೋದ್ರೆ ಕೂಗೋದು) ಐದು, ಗೋಡೌನ್ ಶಟರ್‌ಗೆ ದಪ್ಪನೆ ಸೆನ್ಸರ್ ಒಂದು, ಹೊರಗೆ ಸೈರನ್ ಒಂದು ಒಳಗೆ ಒಂದು. ಹಾಕೋ ಕೂಲಿ ಸೇರಿ 38,000. ಬ್ರೋಶರ್‌ನಲ್ಲಿ ದೊಡ್ಡಕ್ಷರದಲ್ಲಿ ‘ಟ್ಯಾಂಪರ್ ಪ್ರೂಫ್’, ‘ಇಎನ್ 50131 ಗ್ರೇಡ್ 2’ ಅಂತ ಇತ್ತು. ಗ್ರೇಡ್ ಅನ್ನೋದು ಯುರೋಪಿನ ಲೆಕ್ಕ, 1ರಿಂದ 4ರ ತನಕ, ಕಳ್ಳ ಎಷ್ಟು ತಿಳಿದವನು ಅಂತ ಅಂದಾಜು ಮಾಡಿ ಅದಕ್ಕೆ ತಕ್ಕ ಹಾಗೆ ಪೆಟ್ಟಿಗೆ ಮುಚ್ಚಳ ತೆಗೆದ್ರೆ ಗೊತ್ತಾಗಬೇಕು, ಸೆನ್ಸರ್ ಕಣ್ಣು ಮುಚ್ಚಿದ್ರೆ ಗೊತ್ತಾಗಬೇಕು ಅಂತ ಒಂದೊಂದೇ ಜಾಸ್ತಿ ಮಾಡ್ತಾ ಹೋಗ್ತಾರೆ, ಕಣ್ಣು ಮುಚ್ಚೋದನ್ನ ಹಿಡಿಯೋ ಕಡ್ಡಾಯ ಬರೋದು 3ರಿಂದ. ಆ ಸಾಲಿನ ಕೆಳಗೆ ಯಾರೂ ಬರೆಯದ ಇನ್ನೊಂದಿದೆ, ಒಂದು ಭಾಗ ಕೆಳಗಿನ ಗ್ರೇಡಿಂದು ಹಾಕಿದ್ರೆ ಇಡೀ ಸಿಸ್ಟಮ್ ಆ ಗ್ರೇಡಿಗೇ ಇಳಿಯುತ್ತೆ.

ಅಂಗಡಿಯವರು ಬಂದ್ರು, ಎರಡು ದಿನ ಕೆಲಸ, ವೈರಿಂಗ್ ಕಣ್ಣಿಗೆ ಚಂದ, ಕೇಸಿಂಗ್ ಪಟ್ಟಿ ನೇರಕ್ಕೆ, ಸೈರನ್ ಕೂಗಿಸಿ ತೋರಿಸಿದ್ರು, ಲೈನ್ ಮನೆಯಿಂದ ಎಲ್ರೂ ಓಡಿ ಬಂದ್ರು, ಅಮ್ಮ ಎಲ್ರಿಗೂ ಕಾಫಿ ಕೊಟ್ರು, ನಾವು ದುಡ್ಡು ಕೊಟ್ವಿ. ಪ್ಯಾನೆಲ್ ಕೂರಿಸಿದ್ದು ಮುಂಬಾಗಿಲಿನ ಪಕ್ಕದಲ್ಲೇ, ಮೀಟರ್ ಬೋರ್ಡಿಗೆ ಹತ್ರ ಆಗುತ್ತೆ ವೈರ್ ಉಳಿಯುತ್ತೆ ಅಂತ. ಆವಾಗ ನಮಗೂ ಅದು ಸರಿ ಅನ್ನಿಸ್ತು, ಈಗ ನೆನೆಸಿಕೊಂಡ್ರೆ ನಗು ಬರುತ್ತೆ. ಬಾಗಿಲು ಒಡೆದು ಬಂದೋನಿಗೆ ಕೈಗೆ ಸಿಗೋ ಮೊದಲನೇ ವಸ್ತುವೇ ಅಲಾರಂ. ಬಾಗಿಲು ತೆಗೆದ ಮೇಲೆ ಕೋಡ್ ಒತ್ತೋಕೆ ಮನೆಯವರಿಗೆ 30 ಸೆಕೆಂಡ್ ಟೈಮ್ ಇರುತ್ತಲ್ಲ, ಕಳ್ಳನಿಗೂ ಅದೇ 30 ಸೆಕೆಂಡ್, ಒಂದು ಕತ್ತಿ ಸಾಕು ಪ್ಯಾನೆಲ್ ಕಥೆ ಮುಗಿಸೋಕೆ, ಸೈರನ್‌ಗೆ ಕೂಗು ಅಂತ ಹೇಳೋರೇ ಇರಲ್ಲ.

ಹೆಚ್ಚುಕಮ್ಮಿ ಒಂದು ವರ್ಷ ಹಾಗೇ ನಡೀತು. ಹುಳುಕು ಸಿಕ್ಕಿದ್ದು ಹಲ್ಲಿಯಿಂದ. ಹಾಲ್‌ನ ಪಿಐಆರ್ ಒಳಗೆ ಹಲ್ಲಿ ಮರಿ ಹೋಗಿ ಕೂತು ರಾತ್ರಿ ಸುಮ್ಸುಮ್ನೆ ಅಲಾರಂ ಆಗ್ತಾ ಇತ್ತು, ಮನೆ ಕೆಲಸಕ್ಕೆ ಬರೋ ಅಕ್ಕ ಸ್ಟೂಲ್ ಹತ್ತಿ ಮುಚ್ಚಳ ತೆಗೆದು ಬಟ್ಟೇಲಿ ಒರೆಸಿ ಮತ್ತೆ ಹಾಕಿದ್ರಂತೆ. ಅಮ್ಮ ಫೋನಲ್ಲಿ ಮಾತಿಗೆ ಮಾತು ಬಂದು ಹೇಳಿದ್ರು. ನಾನಾಗ ಕೇಳಿದೆ, ‘ಅಮ್ಮ, ಸೈರನ್ ಕೂಗಿಲ್ವಾ?’ ‘ಇಲ್ವಲ್ಲ, ಯಾಕೆ ಕೂಗ್ಬೇಕು, ಅಲಾರಂ ಹಾಕಿರ್ಲಿಲ್ಲ.’

ಕೂಗ್ಬೇಕಿತ್ತು. ಟ್ಯಾಂಪರ್ ಅನ್ನೋದರ ಅರ್ಥವೇ ಅದು, ಸೆನ್ಸರ್ ಮುಚ್ಚಳದ ಒಳಗೆ ಒಂದು ಸಣ್ಣ ಸ್ವಿಚ್ ಇರುತ್ತೆ, ಮುಚ್ಚಳ ಅದನ್ನ ಒತ್ತಿ ಹಿಡಿದಿರುತ್ತೆ, ಮುಚ್ಚಳ ಎದ್ದ ತಕ್ಷಣ ಅಲಾರಂ ಆನ್ ಇರ್ಲಿ ಆಫ್ ಇರ್ಲಿ, ಹಗಲಾಗ್ಲಿ ರಾತ್ರಿಯಾಗ್ಲಿ, ಕೂಗ್ಲೇಬೇಕು. ಯಾಕಂದ್ರೆ ಮನೆ ಅಲಾರಂ ಕೆಡಿಸೋನು ಅದು ಆನ್ ಇರೋವಾಗ ರಾತ್ರಿ ಬಂದು ಕೆಡಿಸಬೇಕು ಅಂತೇನಿಲ್ಲ. ಹಗಲಲ್ಲಿ ಬರ್ತಾನೆ, ಪೈಪ್ ರಿಪೇರಿಗೆ ಬಂದೋನಾಗಿ, ಮೆಣಸಿನ ವ್ಯಾಪಾರಕ್ಕೆ ಬಂದೋನಾಗಿ, ಹೋಂಸ್ಟೇ ಇರೋ ಮನೆ ಆದ್ರೆ ರೂಮ್ ಬುಕ್ ಮಾಡಿ ಗೆಸ್ಟಾಗಿಯೇ ಬರ್ತಾನೆ. ಎರಡು ನಿಮಿಷ ಒಬ್ನೇ ಇದ್ರೆ ಮುಚ್ಚಳ ತೆಗೆದು ಒಳಗೆ ಏನೋ ಮಾಡಿ ಹೋಗಬಹುದು, ಇಲ್ಲಾ ಕಣ್ಣಿಗೆ ಒಂದು ತುಂಡು ಟೇಪ್ ಅಂಟಿಸಿ ಹೋಗಬಹುದು, ರಾತ್ರಿ ನಾವು ಆನ್ ಮಾಡಿ ನೆಮ್ಮದಿಯಾಗಿ ಮಲಗ್ತೀವಿ.

ಆ ಭಾನುವಾರ ಮಗನೂ ನಾನೂ ಪ್ಯಾನೆಲ್ ಪೆಟ್ಟಿಗೆ ತೆಗೆದ್ವಿ. ಟ್ಯಾಂಪರ್ ಅಂತ ಬರೆದಿರೋ ಎರಡು ಸ್ಕ್ರೂಗಳ ಮಧ್ಯೆ ಅರ್ಧ ಇಂಚಿನ ಕೆಂಪು ವೈರ್ ತುಂಡು. ಅಷ್ಟೇ. ಸೆನ್ಸರ್‌ಗಳಿಂದ ಬರಬೇಕಿದ್ದ ಟ್ಯಾಂಪರ್ ಲೈನ್ ಯಾವುದನ್ನೂ ಜೋಡಿಸೇ ಇಲ್ಲ, ಆ ಜಾಗವನ್ನ ಒಂದು ತುಂಡು ವೈರಲ್ಲಿ ಶಾರ್ಟ್ ಮಾಡಿ ಪ್ಯಾನೆಲ್‌ಗೆ ‘ಎಲ್ಲ ಸರಿಯಿದೆ’ ಅಂತ ಶಾಶ್ವತವಾಗಿ ಸುಳ್ಳು ಹೇಳಿಸಿಟ್ಟಿದ್ದಾರೆ. 38,000 ರೂಪಾಯಿಯ ಟ್ಯಾಂಪರ್ ಪ್ರೂಫ್ ಅನ್ನ ಅರ್ಧ ಇಂಚಿನ ವೈರ್ ನುಂಗಿತ್ತು. ಇನ್ನೂ ಇದೆ, ಪ್ಯಾನೆಲ್ ಜೊತೆ ಬರೋ ಪುಟ್ಟ ರೆಸಿಸ್ಟರ್‌ಗಳು (ಕರೆಂಟಿಗೆ ಇಷ್ಟು ಅಂತ ತಡೆ ಹಾಕೋ ತುಣುಕುಗಳು) ಒಂದೂ ಬಿಡದೆ ಪೆಟ್ಟಿಗೆಯೊಳಗೇ, ಟರ್ಮಿನಲ್‌ಗೇ ಸಿಕ್ಕಿಸಿದ್ದು.

ಇದು ಯಾಕೆ ತಪ್ಪು ಅಂತ ಸ್ವಲ್ಪ ಹೇಳ್ತೀನಿ, ವೈರ್ ಸಿಸ್ಟಮ್ ಹಾಕಿಸಿದ ಹತ್ತು ಮನೇಲಿ ನೋಡಿದ್ರೆ ಹೀಗಿರೋದು ಒಂದೆರಡಾದ್ರೂ ಸಿಗುತ್ತೆ ಅನ್ನೋದು ನನ್ನ ಅನುಮಾನ. ಆ ರೆಸಿಸ್ಟರ್ ಇರೋದು ವೈರಿನ ಕೊನೇಲಿ, ಅಂದ್ರೆ ಸೆನ್ಸರ್ ಹೊಟ್ಟೆಯೊಳಗೆ ಇರೋಕೆ. ಪ್ಯಾನೆಲ್ ಆ ವೈರಲ್ಲಿ ಸಣ್ಣ ಕರೆಂಟ್ ಬಿಟ್ಟು ಎಷ್ಟು ಓಮ್ (ಆ ತಡೆಯ ಅಳತೆ) ಕಾಣುತ್ತೆ ಅಂತ ನೋಡ್ತಾನೇ ಇರುತ್ತೆ. ನಮ್ಮದರಲ್ಲಿ ಒಂದೊಂದು ಸೆನ್ಸರ್‌ಗೆ ಎರಡೆರಡು ರೆಸಿಸ್ಟರ್, ಒಂದೊಂದೂ 2.2 ಕಿಲೋ ಓಮ್, ಎಲ್ಲ ಶಾಂತವಾಗಿದ್ರೆ 2.2 ಕಾಣ್ಬೇಕು, ಸೆನ್ಸರ್ ಯಾರನ್ನೋ ನೋಡಿದ್ರೆ ಎರಡೂ ಕೂಡಿ 4.4 ಕಾಣುತ್ತೆ, ಯಾರೋ ವೈರ್ ಕತ್ತರಿಸಿದ್ರೆ ಇಲ್ಲಾ ಮುಚ್ಚಳ ತೆಗೆದ್ರೆ ಲೈನ್ ಪೂರ್ತಿ ಓಪನ್, ಎರಡು ವೈರ್ ಸೇರಿಸಿ ಶಾರ್ಟ್ ಮಾಡಿದ್ರೆ ಸೊನ್ನೆ. ನಾಲ್ಕು ಸ್ಥಿತಿ, ನಾಲ್ಕಕ್ಕೂ ಬೇರೆ ಬೇರೆ ಉತ್ತರ, ಅದೂ ಎರಡೇ ವೈರಲ್ಲಿ. ಆದ್ರೆ ರೆಸಿಸ್ಟರ್ ಪ್ಯಾನೆಲ್ ಪೆಟ್ಟಿಗೆಯಲ್ಲೇ ಕೂತ್ರೆ? ಹೊರಗೆ ದಾರೀಲಿ ಎಲ್ಲಾದ್ರೂ ಎರಡು ವೈರ್ ಸುಲಿದು ಸೇರಿಸಿಬಿಟ್ರೆ ಪ್ಯಾನೆಲ್‌ಗೆ ಸೊನ್ನೆ ಕಾಣಲ್ಲ, ಅದೇ ರೆಸಿಸ್ಟರ್ ಕಾಣ್ತಾ ಇರುತ್ತೆ, ಸೆನ್ಸರ್ ಎಷ್ಟು ಕೂಗಿಕೊಂಡ್ರೂ ಪ್ಯಾನೆಲ್ ಪಾಲಿಗೆ ಮನೆ ಶಾಂತ. ಬಾಗಿಲಿಗೆ ಹಾಕಬೇಕಾದ ಬೀಗನ ಭದ್ರವಾಗಿ ಬೀರುವಲ್ಲಿ ಇಟ್ಟ ಹಾಗೆ.

ಅಂಗಡಿಗೆ ಫೋನ್ ಮಾಡಿದೆ. ಜಗಳ ಮಾಡೋಣ ಅಂತಲೇ ಮಾಡಿದ್ದು, ಆ ಕಡೆಯವರು ಮುಚ್ಚುಮರೆ ಇಲ್ಲದೆ ಹೇಳಿಬಿಟ್ರು: ‘ಮೇಡಂ, ಮಳೆಗಾಲದಲ್ಲಿ ತೇವ ಹಿಡಿದು ಟ್ಯಾಂಪರ್ ಸುಮ್ಮನೆ ಬರ್ತದೆ, ರಾತ್ರಿ ಎರಡು ಗಂಟೆಗೆ ನಮಗೆ ಫೋನ್ ಬರ್ತದೆ, ಅದಕ್ಕೆ ನಾವು ಎಲ್ಲಾ ಕಡೆ ಹಾಗೇ ಹಾಕೋದು, ಈವರೆಗೆ ಯಾರೂ ಕೇಳ್ಲಿಲ್ಲ.’ ಎಲ್ಲಾ ಕಡೆ! ನನಗೆ ಸಿಟ್ಟಿಗಿಂತ ಜಾಸ್ತಿ ಭಯ ಆಯ್ತು. ಸರಿ ಮಾಡಿಕೊಡಿ ಅಂದೆ, ಬರ್ತೇವೆ ಅಂದ್ರು, ಎರಡು ತಿಂಗಳು ಬರ್ತಾನೇ ಇದ್ರು. ಆದ್ರೆ ಒಂದು ಮಾತು ಒಪ್ಕೊಳ್ತೀನಿ, ತೇವದ ವಿಷಯ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ಜೂನ್ ಜುಲೈ ಗೊತ್ತಲ್ಲ, ಬಟ್ಟೆ ಒಲೆ ಮೇಲೆ ಒಣಗಿಸ್ಬೇಕು, ಚಪ್ಪಲಿಗೆ ಬೂಷ್ಟು, ಬೀರುವಿನ ಸೀರೆಗೆ ಬೂಷ್ಟು, ತಾಮ್ರದ ವೈರ್ ಸುತ್ತಿ ಬರೀ ಇನ್ಸುಲೇಶನ್ ಟೇಪ್ ಹಾಕಿದ ಜಾಯಿಂಟ್ ಹಸಿರು ಹಿಡಿಯೋಕೆ ಒಂದೇ ಮಳೆಗಾಲ ಸಾಕು. ಹಸಿರು ಹಿಡಿದ್ರೆ ಓಮ್ ಲೆಕ್ಕ ತಪ್ಪುತ್ತೆ, ಪ್ಯಾನೆಲ್ ಅದನ್ನ ಯಾರೋ ಕೈ ಹಾಕಿದ್ದಾರೆ ಅಂದ್ಕೊಳ್ಳುತ್ತೆ. ಅದಕ್ಕೆ ಮದ್ದು ಒಳ್ಳೇ ಜಾಯಿಂಟ್ ಹಾಕೋದು, ಇವರು ಕೊಟ್ಟ ಮದ್ದು ಪ್ಯಾನೆಲ್‌ನ ಕಿವಿ ಮುಚ್ಚೋದು.

ಕೊನೆಗೆ ವಿರಾಜಪೇಟೆ ಕಡೆಯ ಒಬ್ಬ ಹುಡುಗ ಸಿಕ್ದ, ನಮ್ಮನೆಯವರ ಪರಿಚಯದವರ ಪರಿಚಯ, ಒಬ್ಬನೇ ಕೆಲಸ ಮಾಡೋನು. ಬರ್ತೀನಿ ಅಂದ ದಿನಕ್ಕಿಂತ ಮೂರು ವಾರ ತಡವಾಗಿ ಬಂದ, ಪುತ್ತರಿ ಹಬ್ಬ ಅಂದ, ಕುಯ್ಲು ಅಂದ, ಬೈಕ್ ಕೆಟ್ಟಿತು ಅಂದ, ಆ ಅರ್ಧ ಸ್ಟಾರ್ ಹೋಗಿದ್ದು ಅಲ್ಲೇ. ಬಂದ್ಮೇಲೆ ಮಾತ್ರ ಕೆಲಸ ನೋಡ್ಬೇಕು. ಮೊದಲು ಮಾಡಿದ್ದು ಪ್ಯಾನೆಲ್ ಜಾಗ ಬದಲಾಯಿಸಿದ್ದು, ಮುಂಬಾಗಿಲಿಂದ ತೆಗೆದು ಅಮ್ಮನ ರೂಮಿನ ಹಿಂದಿನ ಉಗ್ರಾಣದೊಳಗೆ, ಅಕ್ಕಿ ಡಬ್ಬಗಳ ಮೇಲೆ. ಬಾಗಿಲ ಹತ್ರ ಉಳಿದಿದ್ದು ಕೀಪ್ಯಾಡ್ ಮಾತ್ರ, ಅದನ್ನ ಒಡೆದು ಹಾಕಿದ್ರೂ ಮೆದುಳು ಒಳಗಿರುತ್ತೆ. ಉಗ್ರಾಣಕ್ಕೆ ಹೋಗೋ ಪ್ಯಾಸೇಜಿನ ಪಿಐಆರ್‌ಗೆ 30 ಸೆಕೆಂಡ್ ವಿನಾಯಿತಿ ತೆಗೆದು ಇನ್‌ಸ್ಟಂಟ್ ಮಾಡಿದ, ಅಂದ್ರೆ ಮುಂಬಾಗಿಲಿಂದ ಬಂದೋನು ಪ್ಯಾನೆಲ್ ಹುಡುಕಿಕೊಂಡು ಹೊರಟ್ರೆ ಅಲ್ಲಿ ಕಾಲಿಟ್ಟ ಕ್ಷಣಕ್ಕೇ ಸೈರನ್. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಬರೀ ಸೆಟ್ಟಿಂಗ್.

ಆಮೇಲೆ ಎಲ್ಲಾ ಸೆನ್ಸರ್ ಬಿಚ್ಚಿ ರೆಸಿಸ್ಟರ್‌ಗಳನ್ನ ಅವು ಇರಬೇಕಾದ ಜಾಗಕ್ಕೆ ಹಾಕ್ದ, ಜಾಯಿಂಟ್ ಎಲ್ಲಾ ಬೆಸುಗೆ ಹಾಕಿ ಶಾಖಕ್ಕೆ ಕುಗ್ಗೋ ತೋಳು ತೊಡಿಸಿದ, ಗೋಡೌನ್ ಕಡೆ ಮಳೆ ಎರಚಲು ಬೀಳೋ ಎರಡು ಜಾಯಿಂಟಿಗೆ ಜೆಲ್ ತುಂಬಿದ ಕನೆಕ್ಟರ್. ಪಿಐಆರ್ ಹಿಂದೆ ವೈರ್ ಬರೋ ತೂತನ್ನ ಸಿಲಿಕಾನ್ ಹಾಕಿ ಮುಚ್ಚಿದ, ಇರುವೆ ಹಲ್ಲಿ ಬರೋ ದಾರಿಯೂ ಅದೇ, ಗೋಡೆಯೊಳಗಿಂದ ತಣ್ಣನೆ ಗಾಳಿ ನುಗ್ಗಿ ಸುಮ್ಸುಮ್ನೆ ಅಲಾರಂ ಆಗೋದೂ ಅಲ್ಲಿಂದಲೇ ಅಂತೆ. ಹೊರಗಿನ ಸೈರನ್ ಬದಲಾಯಿಸಲೇಬೇಕು ಅಂದ. ಹಳೇದು ಪ್ಯಾನೆಲ್ ಕರೆಂಟ್ ಕೊಟ್ರೆ ಮಾತ್ರ ಕೂಗೋದು, ವೈರ್ ಕತ್ತರಿಸಿದ್ರೆ ಮೂಗ. ಹೊಸದರ ಹೊಟ್ಟೇಲಿ ಅದರದ್ದೇ ಬ್ಯಾಟರಿ ಇದೆ, ಪ್ಯಾನೆಲ್‌ನಿಂದ ಬರೋ ಕರೆಂಟ್ ನಿಂತ ತಕ್ಷಣ ತಾನೇ ಕೂಗೋಕೆ ಶುರು ಮಾಡುತ್ತೆ, ಮುಚ್ಚಳ ತೆಗೆದ್ರೂ ಕೂಗುತ್ತೆ, ಗೋಡೆಯಿಂದ ಮೀಟಿ ಎಬ್ಬಿಸಿದ್ರೂ ಕೂಗುತ್ತೆ, ಹಿಂದೆ ಸ್ಪ್ರಿಂಗ್ ಸ್ವಿಚ್ ಒಂದು ಗೋಡೆಗೆ ಒತ್ತಿಕೊಂಡಿರುತ್ತೆ. ಏಣಿ ಇಲ್ಲದೆ ಕೈಗೆ ಸಿಗದ ಹಾಗೆ ಸೂರಿನ ಕೆಳಗೆ ಹಾಕಿದ. ಅಲ್ಲಿ ನಿಂತು ಕೇಳ್ದ, ‘ಆಂಟಿ, ನಿಮ್ಮ ಏಣಿ ಎಲ್ಲಿಡ್ತೀರಿ?’ ಮೆಣಸು ಕುಯ್ಯೋ ಏಣಿಗಳು ವರ್ಷಪೂರ್ತಿ ಗೋಡೌನ್ ಗೋಡೆಗೇ ಒರಗಿಕೊಂಡಿರ್ತಿದ್ವು. ಈಗ ಸರಪಳಿ ಹಾಕಿ ಬೀಗ.

ಸೈರನ್ ಸೇರಿ ಒಟ್ಟು 9,200 ತಗೊಂಡ.

ಎಲ್ಲಾ ಆದ್ಮೇಲೆ ಮಗನಿಗೆ ಒಂದು ಭಾನುವಾರ ಪೂರ್ತಿ ಕಳ್ಳನ ಪಾತ್ರ. ಹಗಲು ಎರಡು ಪಿಐಆರ್ ಮುಚ್ಚಳ ತೆಗೆಯೋಕೆ ನೋಡಿದ, ಎರಡಕ್ಕೂ ಸೈರನ್, ರಾಜನಿಗೂ ಕೇಳಿಸಿತು ಅಂತ ಕಾಣುತ್ತೆ, ಎದ್ದು ಕೂತ. ಮೀಟರ್ ಹತ್ರ ಮೇನ್ ಸ್ವಿಚ್ ಇಳಿಸಿದ, ಏನೂ ಆಗ್ಲಿಲ್ಲ, ಆಗಬಾರದು ಕೂಡ, ಪ್ಯಾನೆಲ್ ಬ್ಯಾಟರಿಗೆ ಹೋಯ್ತು, ಸ್ವಲ್ಪ ಹೊತ್ತಿಗೆ ನನ್ನ ಫೋನ್‌ಗೆ ಕರೆಂಟ್ ಹೋಗಿದೆ ಅಂತ ಮೆಸೇಜ್ ಬಂತು. ಸೈರನ್ ವೈರ್ ಪ್ಯಾನೆಲ್ ಕಡೆಯಿಂದ ಬಿಚ್ಚಿದ, ಕೂಗ್ತು. ಅಲಾರಂ ಸೋತಿದ್ದು ಎರಡು ಕಡೆ. ಒಂದು, ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ತಂದು ಹಿಂಬಾಗಿಲಿನ ಸೆನ್ಸರ್‌ನ ಮರುಳು ಮಾಡಿಬಿಟ್ಟ, ಸಾಮಾನ್ಯ ಮ್ಯಾಗ್ನೆಟ್ ಸೆನ್ಸರ್‌ಗೆ ಯಾವ ಮ್ಯಾಗ್ನೆಟ್ ಆದ್ರೂ ಒಂದೇ, ತನ್ನದು ಯಾವುದು ಬೇರೆಯವರದ್ದು ಯಾವುದು ಅಂತ ಗೊತ್ತಾಗಲ್ಲ. ಬ್ಯಾಲೆನ್ಸ್ಡ್ ಅಂತ ಬರುತ್ತೆ, ಹೊರಗಿಂದ ಇನ್ನೊಂದು ಮ್ಯಾಗ್ನೆಟ್ ತಂದ್ರೂ ಹಿಡಿಯುತ್ತೆ, ಬೆಲೆ ಜಾಸ್ತಿ, ಹಿಂಬಾಗಿಲಿಗೂ ಶಟರ್‌ಗೂ ಮಾತ್ರ ಅದನ್ನ ಹಾಕ್ಸಿದೆ. ಇನ್ನೊಂದು, ಪಿಐಆರ್ ಕಣ್ಣಿಗೆ ಹಗಲು ಹೊತ್ತು ಪಾರದರ್ಶಕ ಟೇಪ್ ಅಂಟಿಸಿದ, ಮುಚ್ಚಳ ಮುಟ್ಟೇ ಇಲ್ವಲ್ಲ, ಟ್ಯಾಂಪರ್ ಬರಲಿಲ್ಲ, ರಾತ್ರಿ ಅದರ ಮುಂದೆ ಓಡಾಡಿದ್ರೆ ಅರೆಬರೆ ಕುರುಡು. ಈ ಕಣ್ಣು ನೋಡೋದು ಬೆಳಕನ್ನಲ್ಲ, ಮೈಯ ಶಾಖವನ್ನ, ನಮಗೆ ಪಾರದರ್ಶಕ ಅನ್ನಿಸೋದು ಅದಕ್ಕೆ ಗೋಡೆ ಆಗಬಹುದು, ಕಿಟಕಿ ಗಾಜಿನ ಆಚೆ ಓಡಾಡೋರು ಪಿಐಆರ್‌ಗೆ ಕಾಣದೇ ಇರೋದೂ ಅದಕ್ಕೇ. ನಮ್ಮದು ಗ್ರೇಡ್ 2, ಕಣ್ಣು ಮುಚ್ಚಿದ್ದು ಹೇಳೋ ಸೆನ್ಸರ್ ಬೇಕಂದ್ರೆ ಒಂದೊಂದಕ್ಕೂ ಇನ್ನೂ ಸುರೀಬೇಕು. ನಾವು ಸುರೀಲಿಲ್ಲ. ಅದರ ಬದಲು ಪ್ರತಿ ಶನಿವಾರ ಸಂಜೆ ವಾಕ್ ಟೆಸ್ಟ್ ಹಾಕಿ ಎಲ್ಲಾ ರೂಮಲ್ಲೂ ಒಂದು ಸುತ್ತು ನಡೀತೀವಿ, ಪ್ರತಿ ಸೆನ್ಸರಲ್ಲೂ ಕೆಂಪು ಲೈಟ್ ಬಂದ್ರೆ ಸರಿ. ಸೆನ್ಸರ್ ಕಡೆಗೆ ನೇರವಾಗಿ ನಡೀಬೇಡಿ, ಅಡ್ಡಡ್ಡ ನಡೀರಿ, ಪಿಐಆರ್‌ಗೆ ಅಡ್ಡ ಹೋಗೋದು ಚೆನ್ನಾಗಿ ಕಾಣುತ್ತೆ.

ಹೆಂಚಿನ ವಿಷಯ ಹೇಳದೇ ಇದ್ರೆ ತಪ್ಪಾಗುತ್ತೆ. ಬಾಗಿಲಿಗೆ ಐದು ಸೆನ್ಸರ್ ಹಾಕಿಸಿ ನಾವು ಬೀಗ್ತಾ ಇದ್ರೆ ಆ ಹುಡುಗ ಮೇಲೆ ನೋಡಿ, ‘ನಾನಾದ್ರೆ ಬಾಗಿಲಿಗೆ ಬರೋದೇ ಇಲ್ಲ, ನಾಲ್ಕು ಹೆಂಚು ಸರಿಸಿ ಅಟ್ಟಕ್ಕೆ ಇಳೀತೀನಿ’ ಅಂದ. ಒಂದು ಪಿಐಆರ್ ಹಾಲಿಂದ ಅಟ್ಟಕ್ಕೆ ಹೋಯ್ತು. ಕೋತಿಗಳು ಹೆಂಚು ಸರಿಸಿ ಒಳಗೆ ಬಂದಾಗ ಎರಡು ಸಲ ಅದು ಕೂಗಿದ್ದೂ ಉಂಟು, ಅದು ಫಾಲ್ಸ್ ಅಲಾರಂ ಅಲ್ಲ ಬಿಡಿ.

ಇನ್ನು ಕೋವಿ. ಅಪ್ಪನ ಕಾಲದ್ದು, ಬೀರುವಲ್ಲಿದೆ. ಕೋವಿ ಇರೋ ಮನೆಗೆ ಕಳ್ಳ ಬರಲ್ಲ ಅನ್ನೋ ಧೈರ್ಯ ನಮ್ಮ ಕಡೆ ಸುಮಾರು ಜನಕ್ಕಿದೆ, ನಂಗೆ ಅದು ಯಾವತ್ತೂ ಅರ್ಥ ಆಗಿಲ್ಲ, ಒಬ್ಬರೇ ಇರೋ 71 ವರ್ಷದವರ ಮನೇಲಿ ಕೋವಿ ಅಂದ್ರೆ ಕಳ್ಳನಿಗೆ ಅದೂ ಒಂದು ಕದಿಯೋ ಸಾಮಾನು. ಆ ಬೀರು ಬಾಗಿಲಿಗೆ ಒಂದು ಸೆನ್ಸರ್ ಹಾಕಿ 24 ಗಂಟೆಯ ಝೋನ್ ಮಾಡಿಸಿದ್ದೀವಿ, ಅಲಾರಂ ಆಫ್ ಇದ್ರೂ ಬೀರು ತೆಗೆದ್ರೆ ಕೂಗುತ್ತೆ. ಕೈಲ್ ಮುಹೂರ್ತದ (ನಮ್ಮ ಕಡೆಯ ಆಯುಧಪೂಜೆ) ದಿನ ಕೋವಿ ಪೂಜೆಗೆ ಅಂತ ಅಣ್ಣ ಸೀದಾ ಹೋಗಿ ಬೀರು ತೆಗೆದ, ಯಾರೂ ಅವನಿಗೆ ಹೇಳಿರಲಿಲ್ಲ. ಪೂಜೆಗೆ ಮುಂಚೆ ಮಂಗಳವಾದ್ಯ ಆಯ್ತು ಅಂತ ಅಮ್ಮ ಈಗಲೂ ಹೇಳಿ ನಗ್ತಾರೆ.

ಕರೆಂಟಿನ ಲೆಕ್ಕ. ನಮ್ಮ ಸಿಸ್ಟಮ್ ಸುಮ್ನೆ ಇರೋವಾಗ 180 ಮಿಲಿ ಆಂಪ್ ತಿನ್ನುತ್ತೆ, ಮಗ ಮೀಟರ್ ಹಿಡಿದು ನೋಡಿದ್ದು, 7 ಎಎಚ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 38 ಗಂಟೆ ಚಿಲ್ಲರೆ. ನಿಜವಾಗಿ ಬಂದಿದ್ದು 27 ಗಂಟೆ, ಬ್ಯಾಟರಿ ಹಳೇದಾಗಿತ್ತು. ಬೆಂಗಳೂರಿಗೆ ಅದು ಧಾರಾಳ, ನಮಗೆ ಮರ ಬಿದ್ದು ಲೈನ್ ಹೋದ್ರೆ ಮೂರು ನಾಲ್ಕು ದಿನ ಸಾಮಾನ್ಯ. ಪ್ಯಾನೆಲ್‌ನ ಮನೆ ಇನ್ವರ್ಟರ್ ಲೈನಿಗೆ ಹಾಕಿದ್ವಿ, 150 ಎಎಚ್ ಬ್ಯಾಟರಿ, ಫ್ಯಾನ್ ಟಿವಿ ಹಾಕದೇ ಇದ್ರೆ ದಿನಗಟ್ಟಲೆ ಬರುತ್ತೆ. ಆದ್ರೆ ಇನ್ವರ್ಟರ್ ಲೈನಿಗೆ ಹಾಕಿದ್ಮೇಲೆ ಕರೆಂಟ್ ಹೋದದ್ದು ಪ್ಯಾನೆಲ್‌ಗೆ ಗೊತ್ತಾಗಲ್ಲ, ಮೆಸೇಜ್ ಬರಲ್ಲ, ಅದಕ್ಕೆ ಒಂದು ರಿಲೇ (ಕರೆಂಟ್ ಹೋದ್ರೆ ತಾನೇ ಬದಲಾಗೋ ಸ್ವಿಚ್) ಹಾಕಿ ಮೇನ್ ಲೈನ್ ಹೋಯ್ತಾ ಅಂತ ನೋಡೋಕೆ ಒಂದು ಝೋನ್ ಬಿಟ್ಟುಕೊಡ್ಬೇಕಾಯ್ತು. ಮೆಸೇಜ್ ಅರ್ಧ ಗಂಟೆ ತಡ ಮಾಡಿ ಬರೋ ಹಾಗೆ ಇಟ್ಟಿದ್ದೀವಿ, ಇಲ್ಲಾಂದ್ರೆ ಜುಲೈಲಿ ದಿನಕ್ಕೆ ನಲವತ್ತು ಮೆಸೇಜ್, ನಲವತ್ತು ಬಂದ್ರೆ ಒಂದನ್ನೂ ಓದಲ್ಲ. ಮಾರ್ಚ್ ಏಪ್ರಿಲ್‌ನ ಗುಡುಗು ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್, ಸರಿಯಾದ ಅರ್ಥಿಂಗ್, ಇವೆರಡೂ ಮಾಡಿಸಿ, ನಮ್ಮ ಮೊದಲನೇ ವೈಫೈ ರೂಟರ್ ಒಂದು ಹೂಮಳೆಗೇ (ಕಾಫಿ ಹೂ ಬಿಡೋಕೆ ಬೇಕಾದ ಬೇಸಿಗೆ ಮಳೆ) ಹೋಗಿತ್ತು.

ನೆಟ್‌ವರ್ಕ್ ಬಗ್ಗೆ ನಿರೀಕ್ಷೆ ಇಟ್ಕೋಬೇಡಿ. ಫೈಬರ್ ಕೇಬಲ್ ಕಂಬದ ಮೇಲೆ ಹೋಗೋದು, ಮರ ಬಿದ್ರೆ ಅದೂ ಬೀಳುತ್ತೆ, ಕಳ್ಳನಿಗೂ ಅದು ಕೈಗೆ ಸಿಗೋ ಎತ್ತರ. ವೈಫೈ ಜೊತೆ ಸಿಮ್ ಇರ್ಲೇಬೇಕು. ಜಾಮರ್ ಹಿಡ್ಕೊಂಡು ಬರ್ತಾರೆ ಅಂತ ವಿಡಿಯೋ ನೋಡಿ ಹೆದರೋರಿದ್ದಾರೆ, ನಮ್ಮ ದೇಶದಲ್ಲಿ ಖಾಸಗಿಯವರು ಜಾಮರ್ ಇಟ್ಕೊಳ್ಳೋದೇ ಕಾನೂನಿಗೆ ವಿರುದ್ಧ, ಕಳ್ಳ ಕಾನೂನು ಕೇಳಿ ಬರಲ್ಲ ಅನ್ನೋದೂ ನಿಜ. ಈ ಪ್ಯಾನೆಲಲ್ಲಿ ನನಗೆ ಇಷ್ಟ ಆಗಿದ್ದು ಏನಂದ್ರೆ ಅದು ಕಂಪನಿ ಸರ್ವರ್‌ಗೆ ಆಗಾಗ ‘ಇದ್ದೀನಿ’ ಅಂತ ಹೇಳ್ತಾ ಇರುತ್ತೆ, ಹೇಳೋದು ನಿಂತ್ರೆ ಸರ್ವರ್ ಕಡೆಯಿಂದ ನನಗೆ ‘ಪ್ಯಾನೆಲ್ ಆಫ್‌ಲೈನ್’ ಅಂತ ಬರುತ್ತೆ, ಪ್ಯಾನೆಲ್‌ನ ಬಾಯಿ ಕಟ್ಟಿದ್ರೂ ಬಾಯಿ ಕಟ್ಟಿದ್ದಾರೆ ಅನ್ನೋದಾದ್ರೂ ನನಗೆ ಗೊತ್ತಾಗುತ್ತೆ. ಮಳೆಗಾಲದಲ್ಲಿ ಟವರೇ ಮಲಗಿದ್ರೆ ಇದೂ ದಿನಾ ಬರುತ್ತೆ, ಆಗ ಅಮ್ಮನಿಗೆ ಫೋನ್ ಹೋಗಲ್ಲ, ಲೈನ್ ಮನೆಯವರಿಗೆ ಹೋಗಲ್ಲ, ಯಾರಿಗೂ ಹೋಗಲ್ಲ. ಆ ದಿನಗಳಿಗೆ ಸೈರನ್ ಒಂದೇ ಗತಿ. ಲೈನ್ ಮನೆ ಮೇಸ್ತ್ರಿಗೆ ಹೇಳಿಟ್ಟಿದ್ದೀವಿ, ಸೈರನ್ ಕೇಳಿದ್ರೆ ಒಬ್ಬರೇ ಓಡಿ ಬರ್ಬೇಡಿ, ಎಲ್ರಿಗೂ ಎಬ್ಬಿಸಿ, ಟಾರ್ಚ್ ಹಾಕಿ ಕೂಗಿ, ಸಿಗ್ನಲ್ ಇದ್ರೆ 112ಕ್ಕೆ ಫೋನ್ ಮಾಡಿ ಅಂತ. ಕತ್ತಲಲ್ಲಿ ಆನೆ ಬೇರೆ ಇರುತ್ತಲ್ಲ ದಾರೀಲಿ.

ಕೋಡ್ ವಿಷಯ ನಾಚಿಕೆ ಬಿಟ್ಟು ಹೇಳ್ಬೇಕು. ಒಂದು ವರ್ಷ ನಮ್ಮದು 1234. ಅದನ್ನ ಬದಲಾಯಿಸಿದ್ಮೇಲೆ ಅಮ್ಮ ತಮ್ಮ ಹುಟ್ಟಿದ ವರ್ಷ ಇಟ್ರು. ಅದೂ ಬದಲಾಯ್ತು, ಈಗಿರೋದನ್ನ ಅಮ್ಮ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ರು, ಕ್ಯಾಲೆಂಡರ್ ತೂಗಿದ್ದು ಕೀಪ್ಯಾಡ್ ಪಕ್ಕದಲ್ಲಿ. ಅದಕ್ಕಿಂತ ದೊಡ್ಡದು ಇನ್‌ಸ್ಟಾಲರ್ ಕೋಡ್, ಪ್ಯಾನೆಲ್‌ನ ಎಲ್ಲಾ ಸೆಟ್ಟಿಂಗ್ ಬದಲಾಯಿಸೋ ಕೋಡ್, ಅಂಗಡಿಯವರು ಫ್ಯಾಕ್ಟರಿಯಿಂದ ಬಂದದ್ದೇ ಬಿಟ್ಟಿದ್ರು, ಮ್ಯಾನುಯಲ್‌ನ ಕೊನೇ ಪುಟದಲ್ಲಿ ಪ್ರಿಂಟ್ ಆಗಿರೋದು. ನಿಮ್ಮನೆಗೆ ಹಾಕಿದೋರು ಅದನ್ನ ಬದಲಾಯಿಸಿದ್ದಾರಾ ಅಂತ ಇವತ್ತೇ ಕೇಳಿ, ಬದಲಾಯಿಸಿದ್ರೆ ಅದು ನಿಮ್ಮ ಹತ್ರವೂ ಇರ್ಲಿ.

ಪ್ಯಾನೆಲ್‌ಗೆ ಒಂದು ಸ್ಟಾರ್ ಕಟ್ ಮಾಡಿದ್ದಕ್ಕೆ ಕಾರಣ: ಆಪ್‌ನಲ್ಲಿ ಕನ್ನಡ ಇಲ್ಲ, ಟ್ಯಾಂಪರ್ ಆದ್ರೆ ‘ಝೋನ್ 6’ ಅಂತ ಬರುತ್ತೆ, ಅಮ್ಮನಿಗೆ ಝೋನ್ 6 ಅಂದ್ರೆ ಅಟ್ಟ ಅಂತ ನೆನಪಿರಲ್ಲ, ಒಂದು ಚೀಟಿ ಬರೆದು ಕೀಪ್ಯಾಡ್ ಮುಚ್ಚಳಕ್ಕೆ ಅಂಟಿಸಿದೆ. ಕೀಪ್ಯಾಡ್ ರಬ್ಬರ್ ಬಟನ್‌ಗಳಲ್ಲಿ ನಾವು ಒತ್ತೋ ನಾಲ್ಕು ಅಂಕಿ ಮಾತ್ರ ಸವೀತಿವೆ, ನೋಡಿದೋರಿಗೆ ಯಾವ ನಾಲ್ಕು ಅಂತ ಗೊತ್ತಾಗಿಬಿಡುತ್ತೆ, ಆರು ತಿಂಗಳಿಗೊಮ್ಮೆ ಕೋಡ್ ಬದಲಾಯಿಸಬೇಕು.

ಈ ಮಳೆಗಾಲದಲ್ಲಿ ಸುಳ್ಳು ಟ್ಯಾಂಪರ್ ಬಂದಿದ್ದು ಒಂದೇ ಸಲ, ಶಟರ್ ಸೆನ್ಸರ್‌ದು, ರಾತ್ರಿ ಮೂರೂಕಾಲಿಗೆ. ಆ ಹುಡುಗನಿಗೆ ಬೆಳಿಗ್ಗೆ ಮೆಸೇಜ್ ಹಾಕಿದೆ, ಜಾಯಿಂಟ್ ಒಂದು ಬಿಟ್ಟಿದೆ ಬರ್ತೀನಿ ಅಂದಿದ್ದಾನೆ. ಎಂಟು ದಿನ ಆಯ್ತು. ಇನ್ನೂ ಒಂದು ವಾರ ನೋಡ್ತೀನಿ, ಕುಯ್ಲು ಶುರುವಾಗೋಕೆ ಮುಂಚೆ ಬರದೇ ಇದ್ರೆ ನಾಲ್ಕೂವರೆಯನ್ನ ನಾಲ್ಕು ಮಾಡ್ತೀನಿ.